ಬೀದಿಯ ಬಣ್ಣವನ್ನು ಅಳಿಸುವ ಆತುರವೇಕೆ?

ಬೀದಿ ಛಾಯಾಗ್ರಹಣಕ್ಕೆ ಹೊಸದಾಗಿ ಇಳಿದವರಲ್ಲಿ ಅನೇಕರು ತೆಗೆದ ಚಿತ್ರವನ್ನೆಲ್ಲ ಕಪ್ಪು-ಬಿಳುಪಿಗೆ ತಿರುಗಿಸಿಯೇ ಫೇಸ್‌ಬುಕ್ಕಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಚಿತ್ರಕ್ಕೆ ತೂಕ ಬರುತ್ತದೆ ಎಂಬ ನಂಬಿಕೆಗೆ ಹಿರಿಯರ ಪ್ರಭಾವವೇ ಕಾರಣವಿರಬೇಕು. ಕಪ್ಪು-ಬಿಳುಪಿನ ಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಛಾಯಾಗ್ರಾಹಕ ಕಾರ್ಟಿಯೆ-ಬ್ರೆಸನ್ ಅವರಿಂದ ಚೌಕಟ್ಟು ಕಟ್ಟುವುದನ್ನು, ಅಂದರೆ ಚಿತ್ರದೊಳಗೆ ಏನು ಎಲ್ಲಿರಬೇಕೆಂಬುದನ್ನು, ಕಲಿತವರಲ್ಲಿ ನಾನೂ ಒಬ್ಬ. ಆದರೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಸೇವಂತಿಗೆ ರಾಶಿಯನ್ನು ಬೂದು ಮಾಡುವುದರಿಂದ ಆಗುವ ಲಾಭವೇನೆಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಬಣ್ಣದಲ್ಲೇ ಭಾರತದ ಬೀದಿಗಳನ್ನು ಸೆರೆಹಿಡಿದ ಛಾಯಾಗ್ರಾಹಕ ರಘುಬೀರ್ ಸಿಂಗ್ (1942–1999). 1966ರಲ್ಲಿ ಜೈಪುರದಲ್ಲಿ ಬ್ರೆಸನ್ ಕೆಲಸ ಮಾಡುವುದನ್ನು ಕಣ್ಣಾರೆ ಕಂಡ ಅವರು, ಚೌಕಟ್ಟಿನ ಶಿಸ್ತನ್ನು ಆ ಹಿರಿಯರಿಂದ ಪಡೆದರೂ ಬಣ್ಣವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬಣ್ಣದ ಚಿತ್ರವೆಂದರೆ ಜಾಹೀರಾತಿನ ಸರಕು ಎಂದು ಕಲಾಲೋಕ ಮೂಗು ಮುರಿಯುತ್ತಿದ್ದ ಕಾಲವದು. ಕಪ್ಪು-ಬಿಳುಪಿನ ವಿಷಾದ ಪಶ್ಚಿಮಕ್ಕೆ ಸೇರಿದ್ದು, ಭಾರತೀಯ ನೋಟಕ್ಕೆ ಬಣ್ಣವೇ ಸಹಜ ಎಂಬುದು ಅವರ ವಾದವಾಗಿತ್ತು. ಈ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಏಕೆಂದರೆ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಕಪ್ಪು-ಬಿಳುಪಿನಲ್ಲೇ ಭಾರತದ ಸಾಮಾನ್ಯ ಜನರನ್ನು ಅಪಾರ ಅಕ್ಕರೆಯಿಂದ ತೋರಿಸಿದ್ದಾರೆ. ಅವರಿಂದ ಕಲಿಯಬೇಕಾದದ್ದು ಬಡವರನ್ನು ಕನಿಕರದ ವಸ್ತುವಾಗಿಸದ ಆ ದೃಷ್ಟಿಯನ್ನು. ಬಣ್ಣ ತೆಗೆದ ಮಾತ್ರಕ್ಕೆ ಅದು ದಕ್ಕುವುದಿಲ್ಲ.

ಬಣ್ಣದಲ್ಲಿ ಚಿತ್ರ ತೆಗೆಯುವುದು ಹೆಚ್ಚು ಕಷ್ಟ ಎಂಬುದು ನಿಜ. ಮಾರ್ಕೆಟ್ಟಿನ ನೀಲಿ ಟಾರ್ಪಾಲಿನ ಕೆಳಗೆ ಕುಳಿತವರ ಮುಖವೆಲ್ಲ ನೀಲಿಯಾಗುತ್ತದೆ. ಹಿಂದೆ ನೇತುಹಾಕಿದ ಕೆಂಪು ಪ್ಲಾಸ್ಟಿಕ್ ಚೀಲವೊಂದು ಇಡೀ ಚಿತ್ರವನ್ನು ಕಬಳಿಸುತ್ತದೆ. ಆದ್ದರಿಂದ ನಾನು ಮೊದಲು ಹಿನ್ನೆಲೆಯನ್ನು ಆರಿಸಿಕೊಂಡು, ಟಾರ್ಪಾಲಿನ ಅಂಚಿನಲ್ಲಿ ಬಿಸಿಲು ನೇರವಾಗಿ ಬೀಳುವ ಕಡೆ ನಿಂತು, ಅಲ್ಲಿಗೆ ಜನ ಬರುವುದನ್ನು ಕಾಯುತ್ತೇನೆ.

ಹೊಸಬರು ಉಪಕರಣಕ್ಕೆ ಹಣ ಸುರಿಯುವ ಅಗತ್ಯವಿಲ್ಲ, ಕೈಯಲ್ಲಿರುವ ಫೋನು ಸಾಕು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ ಇದ್ದರೆ ಅಗಲ ನೋಟದ 28 ಮಿ.ಮೀ. ಲೆನ್ಸ್ ಹಾಕಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/8ರಲ್ಲಿಟ್ಟು, ಎರಡೂವರೆ ಮೀಟರಿಗೆ ಫೋಕಸ್ ಮಾಡಿಬಿಡಿ. ಸುಮಾರು ಒಂದೂವರೆ ಮೀಟರಿನಿಂದ ಹತ್ತು ಮೀಟರಿನವರೆಗಿನದೆಲ್ಲ ಸ್ಪಷ್ಟವಾಗಿ ಬರುವುದರಿಂದ, ಕ್ಷಣ ಎದುರಾದಾಗ ಫೋಕಸ್ಸಿಗೆ ತಡಕಾಡುವ ಪ್ರಮೇಯವಿರುವುದಿಲ್ಲ. ಊರೆಲ್ಲ ಸುತ್ತುವ ಬದಲು ಒಂದೇ ಬೀದಿಗೆ ಮತ್ತೆ ಮತ್ತೆ ಹೋಗಿ. ಹೂವಿನವರು ನಿಮ್ಮನ್ನು ಗುರುತು ಹಿಡಿದು, ಆಮೇಲೆ ಗಮನಿಸುವುದನ್ನೇ ಬಿಟ್ಟಾಗ ಒಳ್ಳೆಯ ಚಿತ್ರಗಳು ಸಿಗತೊಡಗುತ್ತವೆ.

ಮಲಗಿರುವವರ, ಅಳುತ್ತಿರುವವರ, ಕುಡಿದು ಬಿದ್ದಿರುವವರ ಚಿತ್ರವನ್ನು ನಾನು ತೆಗೆಯುವುದಿಲ್ಲ, ಏಕೆಂದರೆ ಬೇಡವೆನ್ನಲು ಆ ಹೊತ್ತಿನಲ್ಲಿ ಅವರಿಗೆ ಸಾಧ್ಯವಿರುವುದಿಲ್ಲ. ಯಾರಾದರೂ ಕೈ ಅಡ್ಡ ಹಿಡಿದರೆ ಕ್ಯಾಮೆರಾ ಇಳಿಸುತ್ತೇನೆ. ತೆಗೆದ ಮೇಲೆ ಆಕ್ಷೇಪಿಸಿದರೆ, ಸಾರ್ವಜನಿಕ ಸ್ಥಳದ ಕಾನೂನನ್ನು ಮುಂದಿಟ್ಟು ವಾದಕ್ಕೆ ನಿಲ್ಲದೆ, ಅವರೆದುರಿಗೇ ಚಿತ್ರವನ್ನು ಅಳಿಸುತ್ತೇನೆ.