4:13 ಆದಮೇಲೆ 4:14 ಇದೆ

ನಮ್ಮ ಕ್ರೈಸ್ತರ ಮನೆ ಗೋಡೆ, ಆಟೋ ಹಿಂಬದಿ, ವಾಟ್ಸಾಪ್ ಡಿಪಿ, ಎಲ್ಲಿ ನೋಡಿದರೂ ಬೈಬಲಿನ ಫಿಲಿಪ್ಪಿ 4:13. ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನೋ ವಾಕ್ಯ. ಚಿಕ್ಕಬಳ್ಳಾಪುರದ ನಮ್ಮ ತೋಟದ ಮೋಟಾರ್ ಶೆಡ್ಡಿನ ಬಾಗಿಲ ಮೇಲೂ ಬರೆಸಿದ್ದೆ. ಬೋರ್‌ನಲ್ಲಿ ಎರಡಿಂಚು ನೀರು ಬಿದ್ದ ವರ್ಷ ಅದು.

ಆ ಭಾನುವಾರ ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳಿದ್ದೆ. ಅಕ್ಕಪಕ್ಕದವರ ಬೋರ್ ಪಾಯಿಂಟೆಲ್ಲ ಫೇಲಾಗಿ ಬರೀ ಧೂಳೆದ್ದಿತ್ತು, ನಾನು ಮೂರು ದಿನ ಉಪವಾಸ ಮಾಡಿ ಕೊರೆಸಿದೆ, 1,100 ಅಡಿಗೆ ಕರ್ತನು ನೀರು ಕೊಟ್ಟ ಅಂತ. ಜನ ಸ್ತೋತ್ರ ಅಂದರು. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತೆ. ಲೂಕ 18ರಲ್ಲಿ ಯೇಸು ಹೇಳೋ ಕಥೆಯ ಫರಿಸಾಯ, ತಾನೇ ನೀತಿವಂತ ಅಂತ ಬೀಗೋ ಧರ್ಮಿಷ್ಠ, ಅವನೂ ದೇವರಿಗೆ ಸ್ತೋತ್ರ ಹೇಳಿಕೊಂಡೇ ಶುರು ಮಾಡೋದು. ವಾರಕ್ಕೆರಡು ಉಪವಾಸ ಅಂತ ಲೆಕ್ಕ ಒಪ್ಪಿಸೋದೂ ಅವನೇ.

ಹೋದ ವರ್ಷ ಬೋರ್ ಬತ್ತಿತು. ಎರಡೆಕರೆ ಬೆಂಗಳೂರು ಬ್ಲೂ ದ್ರಾಕ್ಷಿ, ಬಳ್ಳಿ ಸವರೋ ಹೊತ್ತು. ಸವರಿದ ಮೇಲೆ ನೀರು ಕೊಡದಿದ್ದರೆ ಚಿಗುರು ಸರಿಯಾಗಿ ಒಡೆಯಲ್ಲ. ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ಯೋಜನೆಯ ನೀರು ತುಂಬೋ ಕೆರೆ ನಮಗೆ ದೂರ. (ಬೆಂಗಳೂರಿನ ಕೊಳಚೆನೀರನ್ನೇ ಎರಡು ಹಂತ ಶುದ್ಧಿ ಮಾಡಿ ಬಿಡೋದು. ಅದರ ಜಗಳ ಇನ್ನೊಂದು ದಿನ ಆಡೋಣ.) ಮತ್ತೆ ಕೊರೆಸೋಕೆ ದುಡ್ಡಿಲ್ಲ. ನೀರಿದ್ದದ್ದು ಪಕ್ಕದ ತೋಟದಲ್ಲಿ. ನನ್ನ ಸಾಕ್ಷಿಯಲ್ಲಿ ಧೂಳೆದ್ದಿತ್ತಲ್ಲ, ಅದೇ ತೋಟ. ಆಮೇಲೆ ಇನ್ನೊಂದು ಕೊರೆಸಿ ಸಿಕ್ಕಿತ್ತು ಅವರಿಗೆ.

ಒಂದು ವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥನೆ ಮಾಡಿದೆ. ಯಾರು ಕೇಳಿದರೂ ‘ದೇವರ ಮೇಲೆ ಭಾರ ಹಾಕಿದೀನಿ ಬ್ರದರ್’ ಅಂತಿದ್ದೆ. ಬೇಲಿ ಮಾತ್ರ ದಾಟಲಿಲ್ಲ. ಕೊನೆಗೆ ನನ್ನ ಹೆಂಡತಿಯೇ ರೇಗಿದಳು: ‘ದೇವರಿಗೆ ಕೇಳಿಸಿಯಾಯ್ತು. ಇನ್ನು ಹೋಗಿ ಆ ಅಣ್ಣನಿಗೆ ಕೇಳಿಸಿ.’

ನನಗನ್ನಿಸೋದು ಇಷ್ಟು. ನಮ್ಮ ಸಭೆಗಳಲ್ಲಿ ದೀನತೆ ಅಂದರೆ ದನಿ ತಗ್ಗಿಸಿ ‘ನಾನೇನೂ ಅಲ್ಲ, ಎಲ್ಲಾ ಆತನದೇ’ ಅನ್ನೋದು. ಮೈಕ್ ಹಿಡಿದೂ ಅದನ್ನ ಹೇಳಬಹುದು, ನಾನೇ ಎಷ್ಟೋ ಸಲ ಹೇಳಿದೀನಿ, ಖರ್ಚೇನಿಲ್ಲ. ನಾವು ಯಾರನ್ನ ಕೀಳಾಗಿ ನೋಡಿದ್ದೆವೋ ಅವರ ಮನೆ ಬಾಗಿಲಲ್ಲಿ ನಿಂತು ‘ಎರಡು ಗಂಟೆ ನೀರು ಬಿಡಣ್ಣ’ ಅನ್ನೋವಾಗ ಮಾತ್ರ ಗಂಟಲು ಕಟ್ಟುತ್ತೆ. ದೇವರ ಮೇಲೆ ಆತುಕೊಳ್ಳೋದು ಅಂದರೆ ಮನುಷ್ಯರ ಹಂಗಿಲ್ಲದೆ ಬದುಕೋದು ಅಂತ ನಾನು ತಿಳಿದಿದ್ದೆ. ಫಿಲಿಪ್ಪಿ ಊರಿನ ಸಭೆಗೆ ಈ ಪತ್ರ ಬರೆದ ಪೌಲ ಹಾಗೆ ಬರೆದಿಲ್ಲ. ಆತ ಸೆರೆಯಲ್ಲಿ ಕೂತು 4:13 ಬರೆದವನು, ಮರುವಾಕ್ಯದಲ್ಲೇ ನನ್ನ ಕಷ್ಟದಲ್ಲಿ ನೀವು ಪಾಲುಗೊಂಡಿದ್ದು ಒಳ್ಳೇದಾಯಿತು ಅಂತಾನೆ. ಇನ್ನು ನಾಲ್ಕು ವಾಕ್ಯ ಕೆಳಗೆ, ಎಪಫ್ರೊದೀತನ ಕೈಲಿ ನೀವು ಕಳಿಸಿದ್ದು ಸಿಕ್ಕಿತು ಅಂತ ಒಪ್ಪಿಕೊಳ್ತಾನೆ. ಎಲ್ಲಕ್ಕೂ ಶಕ್ತನಾದವನಿಗೂ ಫಿಲಿಪ್ಪಿಯಿಂದ ಪಾರ್ಸೆಲ್ ಬರಬೇಕಾಯಿತು! 4:14 ಬರೆಸಿದ ಆಟೋ ನಾನು ಇವತ್ತಿನವರೆಗೂ ನೋಡಿಲ್ಲ.

ಹೋದೆ. ಆ ಅಣ್ಣ ಹಸು ಕಟ್ಟುತ್ತಿದ್ದರು. ನಾನು ಪೀಠಿಕೆ ಹಾಕೋದನ್ನ ಪೂರ್ತಿ ಕೇಳಲೂ ಇಲ್ಲ. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಅದಕ್ಕೇನಂತೆ, ರಾತ್ರಿ ತ್ರೀ ಫೇಸ್ ಬಂದಾಗ ಎಳ್ಕೋ, ಪೈಪು ಮಾತ್ರ ನಿಂದು ಅಂದರು.

ಅವತ್ತು ಒಂದೂವರೆಗೆ ಕರೆಂಟ್ ಬಂತು. ಬೇಲಿ ಸಂದಿಯಲ್ಲಿ ತೂರಿಸಿದ ಕರಿ ಪೈಪು ಒಂದು ಸಲ ಒದರಿ ಬಿಗಿಯಾಯಿತು. ಮೂರನೇ ದಿನ ಚಪ್ಪರದ ಕೆಳಗೆ ಟಾರ್ಚ್ ಹಿಡಿದು ನಿಂತಾಗ ಸವರಿದ ಒಂದೊಂದು ತುದಿಯಲ್ಲೂ ಹನಿ ತೂಗುತ್ತಿತ್ತು. ಬೇರಿಗೆ ನೀರು ಸಿಕ್ಕರೆ ಹಾಗೇ, ಕೊಯ್ದ ಜಾಗದಿಂದ ತೊಟ್ಟಿಕ್ಕುತ್ತೆ. ಒಂದು ನನ್ನ ಕತ್ತಿನ ಮೇಲೆ ಬಿತ್ತು, ತಣ್ಣಗೆ.