ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆವಾ?

2020ರ ಸೆಪ್ಟೆಂಬರ್. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಮೆಟ್ಟಿಲ ಮೇಲೆ ಕೂತು ಕೆಂಪು ಹೊದಿಕೆಯ ಪುಸ್ತಿಕೆ ಓದುತ್ತಿದ್ದರು. ಕೈಯಲ್ಲಿ ಪೆನ್ಸಿಲ್. 600 ಕೋಟಿ ಫ್ರಾಂಕ್‌ವರೆಗೆ ಖರ್ಚು ಮಾಡಿ ಹೊಸ ಯುದ್ಧವಿಮಾನ ಕೊಳ್ಳಬೇಕೋ ಬೇಡವೋ ಅಂತ ಜನರ ಮತ ಕೇಳಿದ್ದರು. ಎರಡೂ ಕಡೆಯ ವಾದ ಆ ಪುಸ್ತಿಕೆಯಲ್ಲಿತ್ತು. ಅಜ್ಜಿ 'ಬೇಡ' ಅನ್ನುವವರು. ಆದರೆ ಗೆರೆ ಎಳೆಯುತ್ತಿದ್ದದ್ದು 'ಬೇಕು' ಅನ್ನುವವರ ಮಾತಿನ ಕೆಳಗೆ.

"ಅವರು ಹೇಳೋದು ಪೂರ್ತಿ ಓದದೆ ಬೇಡ ಅನ್ನೋಕಾಗುತ್ತಾ?" ಅಂದರು. ಆಮೇಲೆ, "ನಿಮ್ಮ ದೇಶದಲ್ಲಿ ಹೇಗೆ ಕೇಳ್ತಾರೆ?" ಅಂತ ಕೇಳಿದರು.

ನನಗೆ ಚುರ್ ಅಂತು.

ನಾನು ಕಾರವಾರದವನು. 1986ರಲ್ಲಿ ನಮ್ಮಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಕಾರವಾರ–ಅಂಕೋಲೆ ನಡುವಿನ ಎಷ್ಟೋ ಊರಿನವರು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದರು. ಹಾಗೆ ಎದ್ದು ಬಂದ ಅಜ್ಜಿಯೊಬ್ಬಳು ನಮ್ಮ ಕೇರಿಗೆ ಬಂಗಡೆ ತರುತ್ತಿದ್ದಳು. ಬುಟ್ಟಿ ಇಳಿಸಿ, ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು ಒಂದೇ ಮಾತು ಹೇಳುತ್ತಿದ್ದಳು: "ಕೇಳಿದ್ರೆ ನಾವು ಇಲ್ಲ ಅಂತಿದ್ವಾ, ತಮಾ?"

ಅವಳು ಸುಮ್ನೆ ಹೇಳಿದ್ದಲ್ಲ. ಅಂಕೋಲೆಯವರು 1930ರಲ್ಲಿ ಉಪ್ಪು ಮಾಡಿ ಜೈಲಿಗೆ ಹೋದರು, ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡರು. 1961ರ ಡಿಸೆಂಬರಿನಲ್ಲಿ ನಮ್ಮ ದಂಡೆಯ ಎದುರಿನ ಅಂಜುದೀವ ದ್ವೀಪದಿಂದ ಪೋರ್ಚುಗೀಸರನ್ನು ಓಡಿಸುವಾಗ ನೌಕಾಪಡೆಯ ಏಳು ಜನ ಜೀವ ಕೊಟ್ಟರು. ರಕ್ಷಣೆ ಯಾಕೆ ಬೇಕು ಅಂತ ಈ ಕಡಲತಡಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎದುರು ಕೂತು ಮಾತಾಡಿಸಿದ್ದರೆ ಸಾಕಿತ್ತು. ನಮ್ಮ ನಾಯಕರು, ಯಾವ ಪಕ್ಷದವರೇ ಇರಲಿ, ಭದ್ರತೆ ಅಂದ ಕೂಡಲೇ ಜನರ ಬಾಯಿ ಮುಚ್ಚಿಸುತ್ತಾರೆ. ಪ್ರಶ್ನೆ ಕೇಳಿದವನು ದೇಶದ ವಿರೋಧಿ! ಇದು ನನಗೆ ತುಂಬಾ ನೋವಿನ ಸಂಗತಿ.

ಸ್ವಿಟ್ಜರ್ಲೆಂಡಿನಲ್ಲಿ ಮತ ಎಣಿಸಿದ ಆ ಭಾನುವಾರ 'ಬೇಕು' ಗೆದ್ದದ್ದು ಒಂಬತ್ತು ಸಾವಿರಕ್ಕಿಂತ ಕಡಿಮೆ ಮತಗಳಿಂದ. 2014ರಲ್ಲಿ ಇದೇ ಜನ ಗ್ರಿಪೆನ್ ಅನ್ನುವ ಯುದ್ಧವಿಮಾನ ಬೇಡ ಅಂದಿದ್ದರು. ಆಗ ಸರ್ಕಾರ ತಲೆಬಾಗಿತ್ತು. ಈ ಸಲ ತಲೆಬಾಗುವ ಸರದಿ ಬಾಸೆಲ್‌ನ ಅಜ್ಜಿಯದು. "ಸೋತೆವು, ಇನ್ನು ಕೊಳ್ಳಲಿ" ಅಂದರು.

ಒಪ್ಪುತ್ತೇನೆ, ಅವರದು ಪುಟ್ಟ ದೇಶ. ನಮ್ಮ ಗಡಿಯ ಕಷ್ಟ ಅವರಿಗಿಲ್ಲ. ಪ್ರತಿ ಖರೀದಿಗೂ ನಮ್ಮಲ್ಲಿ ಮತ ಹಾಕಿಸೋಕಾಗಲ್ಲ. ಅವರಲ್ಲೂ ಯಾವ ವಿಮಾನ ಅನ್ನುವುದನ್ನು ಸರ್ಕಾರಕ್ಕೇ ಬಿಟ್ಟಿದ್ದರು. ಇನ್ನೊಂದನ್ನು ಅಜ್ಜಿಯೇ ಹೇಳಿದರು: ಇಡೀ ದೇಶದ ವಿಷಯಕ್ಕೆ ಅಲ್ಲಿನ ಹೆಂಗಸರಿಗೆ ಓಟು ಸಿಕ್ಕಿದ್ದು 1971ರಲ್ಲಿ. ನಮ್ಮಜ್ಜಿ ಮೊದಲ ಚುನಾವಣೆಯಲ್ಲೇ ಓಟು ಹಾಕಿದ್ದಳು. ಮೀನಿನ ಬುಟ್ಟಿಯ ಆ ಅಜ್ಜಿಗೂ ಓಟಿತ್ತು. ಊರು ಬಿಡಿಸುವ ಮೊದಲು ಅವಳ ಜಗಲಿಗೆ ಬಂದು ಒಂದು ಮಾತು ಕೇಳಬಹುದಿತ್ತು, ಅಲ್ವಾ?