ಆಯುಧಪೂಜೆ ಹಿಂದಿನ ದಿನ ಬಿಚ್ಚಿದ ಏರ್ ಗನ್ನು

ಮನೇಲಿ ರೈಫಲ್ ಬಿಚ್ಚಿ ಜೋಡಿಸಿದೆ ಅಂದ ತಕ್ಷಣ ಗಾಬರಿ ಆಗ್ಬೇಡಿ, ಲೈಸೆನ್ಸ್ ಇಲ್ದೆ ನಿಜವಾದ ಬಂದೂಕನ್ನ ಮನೇಲಿ ಕೂತು ಜೋಡಿಸಿದ್ರೆ ಸೀದಾ ಜೈಲೇ. ನಂದು ಬರೀ ಏರ್ ಗನ್ನು, 4.5 ಎಂಎಂ ದಪ್ಪದ ಗುಂಡಿಂದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಗುಂಡು ಹೊರಡೋ ಶಕ್ತಿ 20 ಜೌಲ್ ಒಳಗಿದ್ರೆ ಇದಕ್ಕೆ ಲೈಸೆನ್ಸ್ ಬೇಡ. ಚನ್ನಗಿರಿ ಕಡೆ ಅಡಿಕೆ ತೋಟ ಇರೋ ನಮ್ಮ ಸೋದರಮಾವ ಮಂಗ ಬೆದರಿಸೋಕೆ ಅಂತ ತಗೊಂಡಿದ್ದು, ಈಗ ಮಂಗಗಳು ಅದರ ಸದ್ದಿಗೆ ತಲೆನೂ ಎತ್ತಲ್ಲ ಅಂತ ನಂಗೆ ಕೊಟ್ರು.

2008ರಲ್ಲಿ ಬೀಜಿಂಗಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲಲ್ಲಿ ಚಿನ್ನ ಹೊಡೆದಾಗಿಂದ ನಂಗೊಂದು ಆಸೆ ಇತ್ತು. ಆ ಟಾರ್ಗೆಟಲ್ಲಿ 10 ಪಾಯಿಂಟಿನ ಚುಕ್ಕೆ ಅರ್ಧ ಎಂಎಂ ಅಷ್ಟೇ, ಸಾಸಿವೆ ಕಾಳೂ ಅದಕ್ಕಿಂತ ದಪ್ಪ. ನಮ್ಮ ಗನ್ನಿಗೆ ಎದುರಿನ ಗೋಡೆ ಸಿಕ್ಕಿದ್ರೆ ಪುಣ್ಯ. ವಾಷರ್ ಸವೆದಿರ್ಬೇಕು, ಬಿಚ್ಚಿ ಸರ್ವಿಸ್ ಮಾಡೋಣ ಅಂತ ಆಯುಧಪೂಜೆ ಹಿಂದಿನ ದಿನ ಸಂಜೆ ಹಾಲಲ್ಲಿ ಪೇಪರ್ ಹಾಸ್ಕೊಂಡು ಕೂತೆ.

ಈ ಗನ್ನಿನ ಜೀವ ಇರೋದು ಸ್ಪ್ರಿಂಗಲ್ಲಿ. ಬ್ಯಾರೆಲ್ ಮಡಚಿದ್ರೆ ಸ್ಪ್ರಿಂಗ್ ಅದುಮಿಕೊಳ್ಳುತ್ತೆ, ಟ್ರಿಗರ್ ಎಳೆದ್ರೆ ಅದು ಪಿಸ್ಟನ್ನಿಗೆ ಗುದ್ದಿ, ಪಿಸ್ಟನ್ ಗಾಳಿನ ತಳ್ಳಿ, ಗಾಳಿ ಗುಂಡನ್ನ ಓಡಿಸುತ್ತೆ. ಇದೆಲ್ಲ ನಂಗೆ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ಅಂದ್ರೆ ಗನ್ ಸುಮ್ನೆ ಒರಗಿಸಿಟ್ಟಾಗ್ಲೂ ಒಳಗೆ ಸ್ಪ್ರಿಂಗ್ ಅರ್ಧ ಸಿಟ್ಟಲ್ಲೇ ಕೂತಿರುತ್ತೆ ಅನ್ನೋದು. ಹಿಂದಿನ ಪಿನ್ನು ಹೊಡೆದೆ, ಬಾಮೈದ "ಭಾವಾ, ಒಂಚೂರು ಒತ್ತಿ ಹಿಡಿಲಾ" ಅಂತ ಕೇಳೋದಕ್ಕೂ ಸ್ಪ್ರಿಂಗ್ ಟಣ್ ಅಂತ ಹಾರಿ ಫ್ಯಾನಿಗೆ ಬಡಿದು, ನನ್ ಹೆಂಡ್ತಿ ಆಗಷ್ಟೇ ಕಲಸಿಟ್ಟಿದ್ದ ನರ್ಗಿಸ್ ಮಂಡಕ್ಕಿ ಬುಟ್ಟಿಗೆ ಬಂದು ಬೀಳೋದಕ್ಕೂ ಸರಿಹೋಯ್ತು. ಹಳೇ ಗ್ರೀಸಿನ ಸಮೇತ. ಅವತ್ತು ಮಂಡಕ್ಕಿ ಇಲ್ಲ, ಬರೀ ಮೆಣಸಿನಕಾಯಿ ಬಜ್ಜಿ ತಿಂದ್ವಿ, ಅದೂ ಯಾರೂ ಮಾತಾಡದೆ.

ಬಿಚ್ಚೋಕೆ ಐದು ನಿಮಿಷ, ಜೋಡಿಸೋಕೆ ರಾತ್ರಿ ಹನ್ನೊಂದಾದ್ರೂ ಆಗ್ಲಿಲ್ಲ. ಇಬ್ರು ಗಂಡಸ್ರು ಬಾಗಿಲಿಗೆ ಆನಿಸಿ ಒತ್ತಿದ್ರೂ ಸ್ಪ್ರಿಂಗ್ ಒಳಗೆ ಹೋಗಲ್ಲ ಅಂತು. ಬೆಳಿಗ್ಗೆ ಎದ್ದು ನೋಡಿದ್ರೆ ನಮ್ಮವ್ವ ಎಲ್ಲಾ ಪಾರ್ಟನ್ನೂ ಹರಿವಾಣದಲ್ಲಿ ಜೋಡಿಸಿ, ಕುಡುಗೋಲು, ಮಿಕ್ಸಿ, ನನ್ ಸ್ಕೂಟರ್ ಕೀ ಪಕ್ಕ ಇಟ್ಟು, ಪಿಸ್ಟನ್ನಿಗೆ ವಿಭೂತಿ ಬಳಿದು, ಟ್ರಿಗರಿಗೆ ಚೆಂಡುಹೂ ಸಿಗಿಸಿದ್ರು.

"ಅವ್ವಾ, ಅದನ್ನ ಜೋಡಿಸ್ಬೇಕಿತ್ತು."

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ, ಸುಮ್ನಿರು."

ಮಾರನೇ ದಿನ ಬಡಗಿ ಹತ್ರ ಕ್ಲ್ಯಾಂಪ್ ಇಸ್ಕೊಂಡು ಬಂದು ಅಂತೂ ಜೋಡಿಸಿದ್ವಿ. ಒಂದು ಪಾರ್ಟೂ ಉಳೀಲಿಲ್ಲ, ಅದಕ್ಕೇ ನಂಗೆ ಅನುಮಾನ. ನಯವಾಗಿ ಓಡ್ಲಿ ಅಂತ ಹೊಲಿಗೆ ಮಿಷಿನ್ ಎಣ್ಣೆನ ಧಾರಾಳವಾಗೇ ಬಿಟ್ಟಿದ್ದೆ. ಟೆರೇಸಲ್ಲಿ ಮರಳು ಚೀಲದ ಮುಂದೆ ರಟ್ಟು ನಿಲ್ಸಿ ಟ್ರಿಗರ್ ಎಳೆದೆ ನೋಡಿ, ಪಟಾಕಿ ತರ ಢಂ ಅಂತು, ಬ್ಯಾರೆಲ್ಲಿಂದ ಹೊಗೆ, ಹೊಗೆ ಜೊತೆ ಅವ್ವನ ವಿಭೂತಿ.

ಪಕ್ಕದ ಮನೆ ಪಂಪ್‌ಸೆಟ್ ಮೆಕ್ಯಾನಿಕ್ಕು ಕಾಂಪೌಂಡ್ ಮೇಲಿಂದ ಇಣುಕಿ, "ಎಣ್ಣೆ ಜಾಸ್ತಿ ಆಗೈತಿ ಸರ್, ಗಾಳಿ ಒತ್ತಿದ್ರೆ ಕಾಯ್ತದೆ, ಎಣ್ಣೆ ಹತ್ಕೊಳ್ತದೆ, ಡೀಸೆಲ್ ಇಂಜಿನ್ ಮತ್ತೆ ಹೆಂಗೆ ಓಡ್ತದೆ ಅಂದ್ಕೊಂಡ್ರಿ" ಅಂದ್ರು. ರಟ್ಟಲ್ಲಿ ಒಂದು ತೂತೂ ಇರ್ಲಿಲ್ಲ.

ಮೆಟ್ಟಿಲ ಮೇಲೆ ನಿಂತಿದ್ದ ನಮ್ಮವ್ವ ಮಾತ್ರ, "ಅದಕ್ಕೊಂದು ಬೂದುಗುಂಬಳಕಾಯಿ ಒಡಿ ಅಂದ್ರೆ ಕೇಳಿದ್ಯಾ?" ಅಂತ ಕೆಳಗಿಳಿದು ಹೋದ್ರು.